ಗೇಮ್ ಆಡದವರು ನಮ್ಮ ಗೇಮ್‌ನಿಂದ ಹತ್ತೇ ನಿಮಿಷಕ್ಕೆ ಎದ್ದುಹೋಗುತ್ತಾರೆ, ಏನು ಮಾಡಲಿ?

ಪ್ರಶ್ನೆ: ನಾವು ಮೂವರು ಸೇರಿ ಎರಡು ವರ್ಷದಿಂದ ಒಂದು 2ಡಿ ಗೇಮ್ ಕಟ್ಟುತ್ತಿದ್ದೇವೆ. ಕತ್ತಲು ತುಂಬಿದ ಗೋಪುರದಲ್ಲಿ ಮಹಡಿಯಿಂದ ಮಹಡಿಗೆ ಹತ್ತುತ್ತ ದೀಪ ಹಚ್ಚಬೇಕು, ಕನ್ನಡಿ ತಿರುಗಿಸಿ ಬೆಳಕನ್ನು ಬೇಕಾದ ಕಡೆ ಹಾಯಿಸಬೇಕು. ಕಂಟ್ರೋಲರ್‌ನ ಎಡ ಸ್ಟಿಕ್‌ನಲ್ಲಿ (ಹೆಬ್ಬೆರಳಿನಿಂದ ತಳ್ಳುವ ಪುಟ್ಟ ಕಡ್ಡಿ) ನಡಿಗೆ, ಬಲಗಡೆಯ ಬಟನ್ ಒತ್ತಿದರೆ ಜಿಗಿತ, ಬಲ ಸ್ಟಿಕ್‌ನಲ್ಲಿ ಗುರಿ ಹಿಡಿದು ತೋರುಬೆರಳಿನ ಗುಂಡಿಯಾದ ಟ್ರಿಗರ್ ಎಳೆದರೆ ಹಗ್ಗ ಎಸೆತ. ಮೂರು ಜೀವ. ಗೇಮ್ ಆಡಿ ಪಳಗಿದವರಿಗೆ ಇಷ್ಟವಾಗಿದೆ. ಆದರೆ ಒಗಟು ಬಿಡಿಸುವುದನ್ನು ಇಷ್ಟಪಡುವ, ಗೇಮ್ ಅಂದರೆ ಹಿಂಜರಿಯುವ ಜನರಿಗೂ ಇದು ತಲುಪಬೇಕು ಎಂಬುದು ನಮ್ಮ ಆಸೆ. ಅಂಥ ಹತ್ತು ಮಂದಿಗೆ ಕೊಟ್ಟಾಗ ಏಳು ಮಂದಿ ಹತ್ತು ನಿಮಿಷದೊಳಗೆ ‘ಇದೆಲ್ಲ ನನಗೆ ಬರಲ್ಲ’ ಎಂದು ಕಂಟ್ರೋಲರ್ ಕೆಳಗಿಟ್ಟರು. ಹೆಚ್ಚಿನವರು ನಿಂತದ್ದು ಮೊದಲ ಮಹಡಿಯಲ್ಲಿ, ಜಿಗಿದು ಹಗ್ಗ ಎಸೆದು ಹಳ್ಳ ದಾಟುವ ಜಾಗದಲ್ಲಿ. ಮೂರನೇ ಮಹಡಿಯಿಂದ ಬರುವ ಶತ್ರುಗಳ ಬಲವನ್ನು ಅರ್ಧಕ್ಕೆ ಇಳಿಸಿ ಈಸಿ ಮೋಡ್ ಹಾಕಿದೆವು. ಏನೂ ಬದಲಾಗಲಿಲ್ಲ. ಈಗ ಒಬ್ಬರು ಜಿಗಿತವನ್ನೇ ತೆಗೆಯೋಣ ಎನ್ನುತ್ತಾರೆ, ಇನ್ನೊಬ್ಬರು ದಿನಾ ಬಂದವರಿಗೆ ಬಹುಮಾನ ಕೊಡೋಣ ಎನ್ನುತ್ತಾರೆ. ತೀರಾ ಸುಲಭ ಮಾಡಿದರೆ ಈಗ ಮೆಚ್ಚಿದವರೂ ಕೈಬಿಟ್ಟಾರು ಎಂಬ ಭಯ ನನ್ನದು. ಯಾವ ದಾರಿ ಹಿಡಿಯಬೇಕು?

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಶತ್ರುಗಳಿರುವುದು ಮೂರನೇ ಮಹಡಿಯಲ್ಲಿ, ಜನ ಎದ್ದುಹೋಗುತ್ತಿರುವುದು ಮೊದಲನೆಯದರಲ್ಲಿ. ಗಾಯ ಒಂದು ಕಡೆ ಇದೆ, ಮುಲಾಮು ಇನ್ನೊಂದು ಕಡೆ ಹಚ್ಚಿದ್ದೀರಿ. ಈ ಏಳು ಮಂದಿಗೆ ನಿಮ್ಮ ಒಗಟು ಕಷ್ಟವೋ ಸುಲಭವೋ ಎಂದು ಹೇಳಲು ಯಾರಿಗೂ ಆಗದು, ಏಕೆಂದರೆ ಒಗಟಿನ ತನಕ ಅವರು ಬರಲೇ ಇಲ್ಲ.

ಅವರ ಮಾತನ್ನೂ ಇನ್ನೊಮ್ಮೆ ಓದಿ. ‘ಬೇಜಾರು’ ಎನ್ನಲಿಲ್ಲ, ‘ಕಷ್ಟ’ ಎಂದೂ ಅನ್ನಲಿಲ್ಲ. ‘ನನಗೆ ಬರಲ್ಲ’ ಎಂದರು. ತಪ್ಪು ಗೇಮಿನದ್ದಲ್ಲ, ತನ್ನದೇ ಎಂಬ ತೀರ್ಮಾನಕ್ಕೆ ಬಂದವರ ಮಾತು ಇದು. ಹಿಂಜರಿಯುವ ಆಟಗಾರರ ವಿಷಯದಲ್ಲಿ ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುವುದು ಈ ಮುಜುಗರವನ್ನೇ. ಕಷ್ಟ ಎನಿಸಿದವರು ನಾಳೆ ಇನ್ನೊಮ್ಮೆ ಪ್ರಯತ್ನಿಸುತ್ತಾರೆ, ಮುಜುಗರಪಟ್ಟವರು ಮತ್ತೆ ಕೈಗೆ ತೆಗೆದುಕೊಳ್ಳುವುದೇ ಅಪರೂಪ.

ಕೆಲವು ನಂಬಿಕೆಗಳನ್ನು ಮೊದಲು ಬದಿಗಿಡೋಣ. ಬಿಡುವಿನಲ್ಲಿ ಆಡುವವರಿಗೆ ಸವಾಲು ಬೇಡ ಎಂಬುದು ಸುಳ್ಳು. 2021ರಲ್ಲಿ ಬಂದ, ದಿನಕ್ಕೊಂದು ಪದ ಊಹಿಸುವ ವರ್ಡಲ್ ಆರೇ ಅವಕಾಶ ಕೊಡುತ್ತದೆ, ಸೋತರೆ ನಾಳೆಯವರೆಗೆ ಕಾಯಿಸುತ್ತದೆ. ಗೇಮ್ ಮುಟ್ಟದವರೂ ಅದನ್ನು ಆಡಿದರು. 2012ರ ಕ್ಯಾಂಡಿ ಕ್ರಶ್ ಸಾಗಾದ ಎಷ್ಟೋ ಲೆವೆಲ್‌ಗಳು ಹತ್ತಾರು ಸಲ ಸೋಲಿಸುತ್ತವೆ. ಇವೆರಡರಲ್ಲೂ ಏನು ಮಾಡಬೇಕು ಎಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ, ಕೈಗೆ ಕೆಲಸ ಒಂದೇ, ತಲೆಗೆ ಮಾತ್ರ ಕಷ್ಟ. ನಿಮ್ಮ ಗೇಮ್‌ನಲ್ಲಿ ಸದ್ಯ ಇದು ತಿರುಗಾಮುರುಗಾ ಆಗಿದೆ.

ಮುದ್ದಾದ ಬಣ್ಣ ಹಾಕಿದರೆ ಜನ ಬರುತ್ತಾರೆ ಎಂಬುದು ಇನ್ನೊಂದು ನಂಬಿಕೆ. ಬಣ್ಣ ಕರೆತಂದೀತು, ಕೂರಿಸಲಾರದು. ಮೂರನೆಯದು, ಕೈ ಬೀಸಿ ಆಡುವ ಕಂಟ್ರೋಲರ್ ಎಲ್ಲವನ್ನೂ ಪರಿಹರಿಸುತ್ತದೆ ಎಂಬುದು. 2006ರಲ್ಲಿ ನಿಂಟೆಂಡೋ ತಂದ ವೀ ಸ್ಪೋರ್ಟ್ಸ್ ಗೆದ್ದದ್ದು ಕೈ ಬೀಸುವುದರಿಂದಷ್ಟೇ ಅಲ್ಲ. ಅದರ ಟೆನಿಸ್‌ನಲ್ಲಿ ಓಡುವ ಕೆಲಸವನ್ನು ಗೇಮೇ ನೋಡಿಕೊಳ್ಳುತ್ತದೆ. ಆಟಗಾರರಿಗೆ ಉಳಿಯುವುದು ಸರಿಯಾದ ಹೊತ್ತಿಗೆ ಬೀಸುವುದೊಂದೇ. ಯಾವ ಕೆಲಸ ಆಟಗಾರರಿಗೆ, ಯಾವುದು ಯಂತ್ರಕ್ಕೆ ಎಂದು ಹಂಚಿದ ರೀತಿಯಲ್ಲಿ ಅದರ ಜಾಣತನವಿದೆ. ನೀವೂ ಮಾಡಬೇಕಾದ ಕೆಲಸ ಅದೇ.

ಈಗ ಆ ಹಳ್ಳದ ಅಂಚಿಗೆ ಬರೋಣ. ಅಲ್ಲಿ ಕೈಗಳು ಏನು ಮಾಡಬೇಕು ನೋಡಿ. ಎಡ ಹೆಬ್ಬೆರಳು ಸ್ಟಿಕ್ ತಳ್ಳಿ ಓಡಿಸುತ್ತಿದೆ. ಬಲ ಹೆಬ್ಬೆರಳು ಜಿಗಿತದ ಬಟನ್ ಒತ್ತುತ್ತದೆ. ಪಾತ್ರ ಗಾಳಿಯಲ್ಲಿರುವಾಗಲೇ ಅದೇ ಹೆಬ್ಬೆರಳು ಬಟನ್ ಬಿಟ್ಟು ಬಲ ಸ್ಟಿಕ್‌ಗೆ ಇಳಿಯಬೇಕು, ಗುರಿ ಹಿಡಿಯಬೇಕು, ಆಮೇಲೆ ತೋರುಬೆರಳು ಟ್ರಿಗರ್ ಎಳೆಯಬೇಕು. ಒಂದೇ ಹೆಬ್ಬೆರಳಿಗೆ ಅರ್ಧ ಸೆಕೆಂಡಿನಲ್ಲಿ ಎರಡು ಕೆಲಸ ಹಚ್ಚಿದ್ದೀರಿ. ಪಳಗಿದವರ ಕೈ ಯೋಚಿಸದೆ ಮಾಡಿಬಿಡುವುದರಿಂದ ನಿಮಗಿದು ಕಾಣಿಸಿಲ್ಲ. ಹೊಸಬರು ಪರದೆ ನೋಡುತ್ತಾರೆ, ಯಾವ ಬಟನ್ ಎಂದು ನೆನಪಿಸಿಕೊಳ್ಳುತ್ತಾರೆ, ತಲೆ ಬಗ್ಗಿಸಿ ಕೈಯಲ್ಲಿ ಹುಡುಕುತ್ತಾರೆ, ಮತ್ತೆ ತಲೆ ಎತ್ತುವಷ್ಟರಲ್ಲಿ ಪಾತ್ರ ಹಳ್ಳದಲ್ಲಿರುತ್ತದೆ.

ಇದರ ಜೊತೆಗೆ ಹೇಳದೇ ಉಳಿದ ನಿಯಮಗಳು. ಬಟನ್ ಒತ್ತಿಹಿಡಿದಷ್ಟೂ ಎತ್ತರಕ್ಕೆ ಜಿಗಿಯುವುದು ಈ ಬಗೆಯ ಗೇಮ್‌ಗಳಲ್ಲಿ ಮಾಮೂಲು. ಹೊಸಬರು ಕಾಲಿಂಗ್ ಬೆಲ್ ಒತ್ತಿದಂತೆ ಒಂದು ಸಲ ತಟ್ಟಿ ಬಿಡುತ್ತಾರೆ, ಗಿಡ್ಡ ಜಿಗಿತ ಬರುತ್ತದೆ, ಹಳ್ಳ ದಾಟುವುದಿಲ್ಲ. ಟ್ರಿಗರ್ ಅನ್ನು ಪೂರ್ತಿ ಎಳೆಯಬೇಕೆಂದು ತಿಳಿಯದೆ ಮೆಲ್ಲಗೆ ಮುಟ್ಟುತ್ತಾರೆ. ಸ್ಟಿಕ್ ಅನ್ನು ನೇರ ಬಲಕ್ಕೆ ತಳ್ಳದೆ ಓರೆಯಾಗಿ ತಳ್ಳುತ್ತಾರೆ. ಹೊಳೆಯುವ ಕೊಕ್ಕೆಗೆ ಹಗ್ಗ ಬೀಳುತ್ತದೆ, ಹೊಳೆಯದ ಕಲ್ಲಿಗೆ ಬೀಳುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ. ಮೂವತ್ತು ಗೇಮ್ ಆಡಿದವರಿಗೆ ಇದೆಲ್ಲ ಅಕ್ಷರಮಾಲೆಯ ಹಾಗೆ. ನಿಮ್ಮ ಏಳು ಮಂದಿ ಅಕ್ಷರ ಕಲಿಯುವ ಮೊದಲೇ ಪುಟ ಓದಬೇಕಾಯಿತು.

ಮೂರನೆಯ ಕಾರಣ ಸೋಲಿನ ಬೆಲೆ. ಬಿದ್ದರೆ ಒಂದು ಜೀವ ಹೋಯಿತು, ಮೂರು ಸಲ ಬಿದ್ದರೆ ಆಟ ಮುಗಿಯಿತು, ಅದೂ ಗೇಮ್ ಮಾಡಿದವರೇ ಪಕ್ಕದಲ್ಲಿ ಕೂತು ನೋಡುತ್ತಿರುವಾಗ. ಮೂರು ಜೀವದ ಲೆಕ್ಕ ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಕಾಲದಿಂದ ಬಂದದ್ದು. ಆಗ ಅದಕ್ಕೆ ವ್ಯಾಪಾರದ ಕಾರಣವಿತ್ತು. ನಿಮ್ಮ ಒಗಟಿನ ಗೇಮ್‌ಗೆ ಅದರಿಂದ ಕಿಂಚಿತ್ತೂ ಲಾಭವಿಲ್ಲ. ತೆಗೆದುಬಿಡಿ.

ಹಾಗಾದರೆ ಮಾಡಬೇಕಾದ್ದೇನು? ಮೊದಲ ಐದು ನಿಮಿಷವನ್ನು ಕಿತ್ತು ಮತ್ತೆ ಕಟ್ಟಿ. ನಿಮಗೆ ಬೇಕಾದವರು ಒಗಟು ಇಷ್ಟಪಡುವವರು, ಆದರೆ ನಿಮ್ಮ ಗೇಮ್ ಅವರನ್ನು ಮೊದಲು ಸರ್ಕಸ್ಸಿಗೆ ಇಳಿಸುತ್ತದೆ. ಕನ್ನಡಿಯನ್ನು ಮುಂದಕ್ಕೆ ತನ್ನಿ, ಹಗ್ಗವನ್ನು ಎರಡನೇ ಮಹಡಿಗೆ ತಳ್ಳಿ. ಆಟ ಶುರುವಾದ ಒಂದೂವರೆ ನಿಮಿಷದೊಳಗೆ ಆಟಗಾರರು ತಮ್ಮ ಕೈಯಾರೆ ಕನ್ನಡಿ ತಿರುಗಿಸಿ, ಬೆಳಕು ಹಾಯ್ದು ಬಾಗಿಲು ತೆರೆಯುವುದನ್ನು ನೋಡಿರಬೇಕು. ಆರಂಭದಲ್ಲಿ ಕಥೆ ಹೇಳುವ ದೃಶ್ಯವಿದ್ದರೆ ಹದಿನೈದು ಸೆಕೆಂಡಿಗೆ ಇಳಿಸಿ, ಉಳಿದದ್ದನ್ನು ಗೋಡೆಯ ಚಿತ್ರಗಳಿಗೆ ಹಂಚಿ.

ಮೊದಲ ಕೋಣೆಯಲ್ಲಿ ನಡಿಗೆ ಮಾತ್ರ ಇರಲಿ. ಬೀಳುವ ಜಾಗವೇ ಬೇಡ. ಎಡಗಡೆ ಗೋಡೆ, ಬಲಗಡೆ ತುಸು ದೂರದಲ್ಲಿ ದೀಪ. ಎತ್ತ ಹೋಗಬೇಕೆಂದು ಬರೆಯದೆಯೇ ತಿಳಿಯುತ್ತದೆ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಪರದೆ ಇದನ್ನೇ ಮಾಡುತ್ತದೆ: ಪಾತ್ರ ಎಡಗಡೆ ನಿಂತಿದೆ, ಬಲಗಡೆ ಬಯಲು. ಎರಡನೇ ಕೋಣೆಯಲ್ಲಿ ಒಂದೇ ಕನ್ನಡಿ, ಎರಡೇ ದಿಕ್ಕು. ಮೂರನೆಯದರಲ್ಲಿ ಜಿಗಿತ ಬರಲಿ, ಕೆಳಗೆ ಹಳ್ಳದ ಬದಲು ಮೆಟ್ಟಿಲಿರಲಿ. ತಪ್ಪಿದರೆ ಐದು ಸೆಕೆಂಡಿನಲ್ಲಿ ಹತ್ತಿ ಮತ್ತೆ ಅಲ್ಲಿಗೇ ಬರುವಂತಿರಲಿ. ಹೊಸ ಕೆಲಸವೊಂದನ್ನು ಕಲಿಸಿದ ಮೇಲೆ ಅದೊಂದನ್ನೇ ಕಡಿಮೆಯೆಂದರೆ ಮೂರು ಸಲ ಮಾಡಿಸಿ, ಆಮೇಲಷ್ಟೇ ಇನ್ನೊಂದನ್ನು ಸೇರಿಸಿ.

ಇದಕ್ಕೆ ನಾನು ಎಲ್ಲರಿಗೂ ನೋಡಲು ಹೇಳುವ ಮಾದರಿ, ಗಿಡ ನೆಟ್ಟು ಝೋಂಬಿಗಳನ್ನು ತಡೆಯುವ 2009ರ ಗೇಮ್ ಪ್ಲಾಂಟ್ಸ್ ವರ್ಸಸ್ ಝೋಂಬೀಸ್. ಮೊದಲ ಲೆವೆಲ್‌ನಲ್ಲಿ ಹುಲ್ಲಿನ ಸಾಲು ಒಂದೇ, ನೆಡಲು ಇರುವ ಗಿಡವೂ ಒಂದೇ. ಸೂರ್ಯಕಾಂತಿ ಬರುವುದು ಎರಡನೆಯದರಲ್ಲಿ, ಆಗ ಸಾಲು ಮೂರಾಗುತ್ತದೆ, ಐದಾಗುವುದು ಅದಕ್ಕೂ ಆಮೇಲೆ. ಕಲಿಸುತ್ತಿದ್ದಾರೆ ಎಂಬ ಭಾವನೆಯೇ ಬರುವುದಿಲ್ಲ. ಅದನ್ನು ರೂಪಿಸಿದ ಜಾರ್ಜ್ ಫ್ಯಾನ್ 2012ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ತಮ್ಮ ತಾಯಿಯಂಥ ಆಟಗಾರರನ್ನು ಕಣ್ಣಮುಂದಿಟ್ಟುಕೊಂಡು ಮಾತಾಡಿದ್ದರು. ಪರದೆಯ ಮೇಲೆ ಒಮ್ಮೆಗೆ ಎಂಟು ಪದ ಮೀರಬಾರದು ಎಂಬುದು ಅಲ್ಲಿ ಅವರು ಕೊಟ್ಟ ಸಲಹೆಗಳಲ್ಲಿ ಒಂದು. ಎಂಟು ಪದ ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ವಿಭಕ್ತಿಯೆಲ್ಲ ಪದದೊಳಗೇ ಸೇರುವುದರಿಂದ ನಾಲ್ಕೈದು ಪದ ಸಾಕು. ಆಟ ನಿಲ್ಲಿಸಿ ತೋರಿಸುವ ಸಹಾಯದ ಪುಟ ಬೇಡವೇ ಬೇಡ. ಅದನ್ನು ಯಾರೂ ಓದುವುದಿಲ್ಲ, ಮುಚ್ಚುವ ಬಟನ್ ಹುಡುಕುತ್ತಾರೆ. ಬಟನ್‌ನ ಹೆಸರು ಬರೆಯುವುದಕ್ಕಿಂತ ಕಂಟ್ರೋಲರ್‌ನ ಚಿತ್ರದಲ್ಲಿ ಅದು ಎಲ್ಲಿದೆ ಎಂದು ಬೆಳಗಿಸಿ ತೋರಿಸಿ. ಹತ್ತು ಸೆಕೆಂಡು ಏನೂ ಆಗದೆ ನಿಂತವರಿಗೆ ಮಾತ್ರ ಆ ಚಿತ್ರ ಮೆಲ್ಲಗೆ ಮೂಡಲಿ, ಪಳಗಿದವರು ಅದನ್ನು ನೋಡುವ ಮೊದಲೇ ಮುಂದೆ ಹೋಗಿರುತ್ತಾರೆ.

ಹಗ್ಗದ ವಿಷಯಕ್ಕೆ ಬಂದರೆ, ಗುರಿ ಹಿಡಿಯುವ ಕೆಲಸವನ್ನು ಯಂತ್ರಕ್ಕೆ ಕೊಡಿ. ಪಾತ್ರ ಮುಖ ಮಾಡಿದ ದಿಕ್ಕಿನಲ್ಲಿ, ಹಗ್ಗ ಎಟಕುವಷ್ಟರೊಳಗೆ, ಹತ್ತಿರದ ಕೊಕ್ಕೆ ತಾನಾಗಿ ಬೆಳಗಲಿ. ಟ್ರಿಗರ್ ಎಳೆದರೆ ಸಾಕು, ಹಗ್ಗ ಅಲ್ಲಿಗೇ ಹೋಗಲಿ. ಬಲ ಸ್ಟಿಕ್ ಮುಟ್ಟಿದವರಿಗೆ ಮಾತ್ರ ಕೈಗುರಿ ಸಿಗಲಿ. ಆಗಲೂ ಕೊಕ್ಕೆಯ ಆಚೀಚೆ ಹದಿನೈದು ಡಿಗ್ರಿಯೊಳಗೆ ಗುರಿಯಿದ್ದರೆ ಹಗ್ಗ ತಾನೇ ಅಂಟಿಕೊಳ್ಳಲಿ. ಜಿಗಿತವನ್ನು ಬಟನ್‌ನ ಜೊತೆಗೆ ಎಡಗಡೆಯ ಭುಜದ ಗುಂಡಿಗೂ (ಕಂಟ್ರೋಲರ್‌ನ ಮೇಲಂಚಿನಲ್ಲಿ ತೋರುಬೆರಳಿಗೆ ಸಿಗುವುದು) ಜೋಡಿಸಿ, ಹೆಬ್ಬೆರಳಿನ ಜಗಳ ಅಲ್ಲಿಗೆ ಮುಗಿಯಿತು. ಟ್ರಿಗರ್ ಕಾಲುಭಾಗ ಒಳಹೋದರೆ ಕೆಲಸ ಮಾಡಲಿ. ಮೊದಲ ಮಹಡಿಯ ಜಿಗಿತಗಳೆಲ್ಲ ಬಟನ್ ತಟ್ಟಿ ಬಿಟ್ಟರೂ ದಾಟುವಷ್ಟು ಗಿಡ್ಡವಾಗಿರಲಿ.

ಕಾಣದ ಎರಡು ರಿಯಾಯಿತಿಗಳನ್ನು ಇವತ್ತೇ ಸೇರಿಸಬಹುದು. ಅಂಚು ದಾಟಿದ ಮೇಲೂ 0.1 ಸೆಕೆಂಡು, ಅಂದರೆ ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಓಡುವ ಗೇಮ್‌ನಲ್ಲಿ ಆರು ಫ್ರೇಮ್, ಜಿಗಿತ ಸಿಗಲಿ. ಇದಕ್ಕೆ ಕಯೋಟಿ ಟೈಮ್ ಎನ್ನುತ್ತಾರೆ. ನೆಲ ಮುಟ್ಟುವುದಕ್ಕೆ ತುಸು ಮೊದಲೇ ಬಟನ್ ಒತ್ತಿದ್ದರೂ ಅಷ್ಟೇ ಹೊತ್ತು ಅದನ್ನು ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಜಿಗಿಸಿ. ಹೊಸಬರಿಗೆ 0.15ರವರೆಗೆ ಹಿಗ್ಗಿಸಬಹುದು. 0.2 ದಾಟಿದರೆ ಪಾತ್ರ ಗಾಳಿಯ ಮೇಲೆ ನಡೆದಂತೆ ಕಾಣತೊಡಗುತ್ತದೆ, ಒತ್ತದ ಜಿಗಿತ ತಾನಾಗಿ ಬಂದಂತೆಯೂ ಆಗುತ್ತದೆ. ಬಿದ್ದವರು ಮತ್ತೆ ಶುರುಮಾಡುವ ಜಾಗಗಳಾದ ಚೆಕ್‌ಪಾಯಿಂಟ್‌ಗಳನ್ನು ಇಪ್ಪತ್ತರಿಂದ ಮೂವತ್ತು ಸೆಕೆಂಡಿಗೊಂದರಂತೆ ಇಡಿ. ಬಿದ್ದ ಮೇಲೆ ಒಂದು ಸೆಕೆಂಡಿನೊಳಗೆ ಅದೇ ಅಂಚಿನಲ್ಲಿ ನಿಂತಿರಬೇಕು. ತಿರುಗಿಸಿದ ಕನ್ನಡಿ ತಿರುಗಿಸಿದಂತೆಯೇ ಇರಬೇಕು. ಒಗಟು ಬಿಡಿಸಿದವರಿಂದ ಅದನ್ನೇ ಮತ್ತೆ ಬಿಡಿಸುವ ಕೆಲಸ ಮಾಡಿಸುವಷ್ಟು ಬೇಸರದ್ದು ಇನ್ನೊಂದಿಲ್ಲ.

ಕತ್ತಲ ಗೋಪುರ ಅಂದಿದ್ದೀರಿ. ಬೆಳಕಿರುವ ಕೋಣೆಯಲ್ಲಿ, ಹಳೆಯ ಪರದೆಯಲ್ಲಿ ಒಮ್ಮೆ ನೋಡಿ. ಹತ್ತಬಹುದಾದ ಅಂಚು ಗೋಡೆಯಿಂದ ಬೇರೆಯಾಗಿ ಕಾಣದಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ಅನುಪಾತ) ಇರಲಿ. ಕೆಂಪು ಬೆಳಕು ಹಸಿರು ಬೆಳಕು ಎಂದು ಒಗಟು ಮಾಡಿದ್ದರೆ ಬಣ್ಣದ ಜೊತೆ ಆಕಾರವನ್ನೂ ಬದಲಿಸಿ. ಪರದೆ ನಡುಗುವ ಪರಿಣಾಮವನ್ನು ನಿಲ್ಲಿಸಲು ಆಯ್ಕೆ ಕೊಡಿ.

ಇನ್ನು ಈಸಿ ಮೋಡ್. ಆಡುವ ಮೊದಲೇ ‘ಸುಲಭ, ಮಧ್ಯಮ, ಕಠಿಣ’ ಎಂದು ಕೇಳುವುದು ಈಜು ಬಾರದವರನ್ನು ಎಷ್ಟು ಆಳ ಬೇಕು ಎಂದು ಕೇಳಿದಂತೆ. ಗೊತ್ತಿಲ್ಲದವರು ಮಧ್ಯಮ ಆರಿಸುತ್ತಾರೆ, ಆರಿಸಿದ ಮೇಲೆ ಕೆಳಗಿಳಿಯಲು ನಾಚುತ್ತಾರೆ. ಒಂದೇ ಮೋಡ್‌ನ ಬದಲು ಬಿಡಿಬಿಡಿ ನೆರವುಗಳನ್ನು ಇಡಿ, ಯಾವಾಗ ಬೇಕಾದರೂ ಹಾಕಿ ತೆಗೆಯುವಂತಿರಲಿ. 2018ರ ಸೆಲೆಸ್ಟ್ ಕಠಿಣ ಗೇಮ್ ಎಂದೇ ಹೆಸರಾದದ್ದು. ಅದರ ಅಸಿಸ್ಟ್ ಮೋಡ್‌ನಲ್ಲಿ ಆಟದ ವೇಗವನ್ನು ಹತ್ತು ಹತ್ತು ಪ್ರತಿಶತದಂತೆ ಅರ್ಧದವರೆಗೆ ಇಳಿಸಬಹುದು, ಏಟು ತಾಗದಂತೆ ಮಾಡಿಕೊಳ್ಳಬಹುದು. ಕಠಿಣ ಗೇಮ್ ಎಂಬ ಅದರ ಹೆಸರಿಗೆ ಇದರಿಂದ ಕುಂದು ಬಂದಿಲ್ಲ. ನಿಮ್ಮದರಲ್ಲಿ ನಾಲ್ಕು ಸಾಕು: ವೇಗ ಇಳಿಸುವುದು, ಬಿದ್ದರೆ ಅಂಚಿಗೇ ಮರಳುವುದು, ಶತ್ರುಗಳು ಬೇಡ ಎನ್ನುವುದು, ಒಗಟಿಗೆ ಸುಳಿವು. ‘ಹೊಸಬರಿಗಾಗಿ’ ಎಂಬ ಹೆಸರಿಡಬೇಡಿ. ಏನು ಮಾಡುತ್ತದೋ ಅದನ್ನೇ ಬರೆಯಿರಿ.

ಇದರ ಅಪಾಯ ಮೆನುವಿನಲ್ಲಿದೆ: ಹಿಂಜರಿಯುವವರು ಸೆಟ್ಟಿಂಗ್ಸ್ ತೆರೆಯುವುದೇ ಇಲ್ಲ. ಆದ್ದರಿಂದ ಒಂದೇ ಜಾಗದಲ್ಲಿ ಮೂರು ಸಲ ಬಿದ್ದ ಮೇಲೆ ಪರದೆಯ ಮೂಲೆಯಲ್ಲಿ, ಆಟ ನಿಲ್ಲಿಸದೆ, ನೆರವು ಬೇಕಾದರೆ ಇಂಥ ಬಟನ್ ಎಂದು ತೋರಿಸಿ. 2009ರ ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ವೀ ಎಂಟು ಜೀವ ಕಳೆದ ಮೇಲೆ, ಆ ಲೆವೆಲ್ ಅನ್ನು ಗೇಮೇ ಆಡಿ ತೋರಿಸುವ ಸೂಪರ್ ಗೈಡ್ ಮುಂದಿಡುತ್ತಿತ್ತು. ನಿಮ್ಮ ಆಟಗಾರರು ಎಂಟರವರೆಗೆ ಕಾಯುವುದಿಲ್ಲ. ಕೇಳದೆಯೇ ಗೇಮ್ ತಾನಾಗಿ ಸುಲಭವಾಗುವ ಏರ್ಪಾಡು ಶತ್ರುಗಳಿಗೆ ಸರಿಹೋದೀತು, ಹಳ್ಳದ ಅಗಲಕ್ಕೆ ಬೇಡ. ನಿನ್ನೆ ದಾಟಿದ್ದ ಹಳ್ಳ ಇವತ್ತು ಅಗಲವಾಗಿದ್ದರೆ ಕೈ ಕಲಿತದ್ದೆಲ್ಲ ಕಲಸಿಹೋಗುತ್ತದೆ.

ನೆರವಿಗೆ ಒಂದು ಬೆಲೆ ಇರಬಹುದು, ಅದು ಅವಮಾನ ಆಗಬಾರದು. 2017ರ ಮಾರಿಯೋ ಕಾರ್ಟ್ 8 ಡಿಲಕ್ಸ್‌ನ ಸ್ಮಾರ್ಟ್ ಸ್ಟೀರಿಂಗ್ ಗಾಡಿ ರಸ್ತೆ ಬಿಟ್ಟು ಹೋಗದಂತೆ ಹಿಡಿಯುತ್ತದೆ, ಬದಲಿಗೆ ಕೆಲವು ಅಡ್ಡದಾರಿಗಳು ಸಿಗುವುದಿಲ್ಲ. ಈ ಕೊಡುಕೊಳ್ಳುವಿಕೆ ನ್ಯಾಯವಾದದ್ದು. ನೆರವು ತೆಗೆದುಕೊಂಡವರಿಗೆ ಕೊನೆಯ ದೃಶ್ಯ ತೋರಿಸದಿರುವುದು ನ್ಯಾಯವಲ್ಲ.

ಜಿಗಿತವನ್ನೇ ತೆಗೆಯುವ ಸಲಹೆ ಹುಚ್ಚುತನದ್ದಲ್ಲ. ಒಗಟೇ ತಿರುಳಾದರೆ ಜಿಗಿತವಿಲ್ಲದೆಯೂ ಗೇಮ್ ನಿಲ್ಲಬಲ್ಲದು. ಆದರೆ ಎರಡು ವರ್ಷದಲ್ಲಿ ಕಟ್ಟಿದ ಪ್ರತಿ ಕೋಣೆಯನ್ನೂ ಮತ್ತೆ ಅಳೆಯಬೇಕಾಗುತ್ತದೆ, ಮೆಚ್ಚಿದವರು ಮೆಚ್ಚಿದ್ದೂ ಆ ಓಡಾಟವನ್ನೇ ಇರಬಹುದು. ಮೇಲಿನ ಕೆಲಸಗಳನ್ನು ಮಾಡಿ ನೋಡಿದ ಮೇಲಷ್ಟೇ ಅದನ್ನು ಎತ್ತಿಕೊಳ್ಳಿ. ದಿನದ ಬಹುಮಾನಕ್ಕೆ ನನ್ನ ಉತ್ತರ ಸ್ಪಷ್ಟ: ಬೇಡ. ಅದು ಎರಡನೇ ದಿನ ಬಂದವರಿಗೆ ಕೊಡುವಂಥದ್ದು, ನಿಮ್ಮವರು ಹನ್ನೊಂದನೇ ನಿಮಿಷವನ್ನೇ ಕಂಡಿಲ್ಲ. ಆದಿ, ಅಂತ್ಯ ಇರುವ ಗೇಮ್‌ನಲ್ಲಿ ಅದು ಆಟವನ್ನು ಹಾಜರಿ ಪುಸ್ತಕ ಮಾಡುತ್ತದೆ, ಬಿಡುವಿನಲ್ಲಿ ಆಡುವವರು ಒಂದು ವಾರ ತಪ್ಪಿಸಿದರೆ ಮರಳಿ ಬರಲು ಇನ್ನೊಂದು ಹಿಂಜರಿಕೆಯನ್ನೂ ಹುಟ್ಟಿಸುತ್ತದೆ. ಅದರ ಬದಲು, ಬಹಳ ದಿನದ ಮೇಲೆ ತೆರೆದವರಿಗೆ ಕೊನೆಯ ಸಲ ಏನು ಮಾಡುತ್ತಿದ್ದರು ಎಂದು ಒಂದು ಸಾಲಿನಲ್ಲಿ ನೆನಪಿಸಿ. ಯಾವ ಬಟನ್ ಏನು ಎಂಬುದನ್ನೂ ಮತ್ತೆ ತೋರಿಸಿ.

ನೀವು ಕೇಳದ ಇನ್ನೊಂದು ದಾರಿಯಿದೆ, ಇಬ್ಬರು ಆಡುವುದು. ಹಿಂಜರಿಯುವವರು ಸಾಮಾನ್ಯವಾಗಿ ಪಳಗಿದವರೊಬ್ಬರ ಪಕ್ಕದಲ್ಲೇ ಕೂತಿರುತ್ತಾರೆ. 2007ರ ಸೂಪರ್ ಮಾರಿಯೋ ಗ್ಯಾಲಕ್ಸಿಯಲ್ಲಿ ಎರಡನೆಯವರು ಪರದೆಯತ್ತ ಬೆರಳು ತೋರಿಸಿದಂತೆ ರಿಮೋಟ್ ಹಿಡಿದು ನಕ್ಷತ್ರದ ಚೂರು ಆಯುತ್ತಾರೆ, ಶತ್ರುವನ್ನು ತಡೆದು ನಿಲ್ಲಿಸುತ್ತಾರೆ, ಬೀಳುವ ಭಯ ಅವರಿಗಿಲ್ಲ. ನಿಮ್ಮಲ್ಲಿ ಕನ್ನಡಿ ತಿರುಗಿಸುವ ಕೆಲಸವನ್ನು ಎರಡನೇ ಕಂಟ್ರೋಲರ್‌ಗೆ ಕೊಟ್ಟರೆ ತಿರುಳೇ ಹೊಸಬರ ಕೈಗೆ ಬರುತ್ತದೆ, ಸರ್ಕಸ್ಸು ಪಳಗಿದವರ ಪಾಲಿಗೆ. ಇದರಲ್ಲಿ ಕೆಡುವುದು ಏನೆಂದರೆ ವೇಗ. ಪಳಗಿದವರು ಓಡಿಬಿಡುತ್ತಾರೆ, ಹೊಸಬರು ಒಗಟು ನೋಡುವ ಮೊದಲೇ ‘ಅದನ್ನು ತಿರುಗಿಸು’ ಎಂಬ ಆಜ್ಞೆ ಬರುತ್ತದೆ. ಕನ್ನಡಿಯ ಕೋಣೆಗಳಲ್ಲಿ ಕ್ಯಾಮೆರಾ ಎರಡನೆಯವರನ್ನು ಹಿಂಬಾಲಿಸುವಂತೆ ಮಾಡಿದರೆ ಇದು ಸಾಕಷ್ಟು ತಗ್ಗುತ್ತದೆ.

ಪರೀಕ್ಷಿಸುವ ರೀತಿಯೂ ಬದಲಾಗಬೇಕು. ಪಕ್ಕದಲ್ಲಿ ಕೂರಬೇಡಿ. ಪರದೆಯನ್ನೂ ಅವರ ಕೈಗಳನ್ನೂ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ಕೋಣೆಯಿಂದ ಹೊರಗಿರಿ. ‘ಪರೀಕ್ಷೆ ಗೇಮಿಗೆ, ನಿಮಗಲ್ಲ, ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಲ್ಲಿ ನಾವು ತಿದ್ದಬೇಕು’ ಎಂದು ಮೊದಲೇ ಹೇಳಿ. ತಲೆ ಬಗ್ಗಿಸಿ ಕೈ ನೋಡಿದ್ದು ಎಷ್ಟು ಸಲ, ಹದಿನೈದು ಸೆಕೆಂಡಿಗಿಂತ ಹೆಚ್ಚು ನಿಂತದ್ದು ಎಲ್ಲೆಲ್ಲಿ, ಒಂದೇ ಜಾಗದಲ್ಲಿ ಬಿದ್ದದ್ದು ಎಷ್ಟು ಬಾರಿ ಎಂದು ಬರೆದುಕೊಳ್ಳಿ. ‘ಇಷ್ಟವಾಯಿತೇ’ ಎಂದು ಕೇಳಿದರೆ ನಿಮ್ಮ ಮುಖ ನೋಡಿ ಹೌದು ಎನ್ನುತ್ತಾರೆ. ‘ಇಲ್ಲಿ ಏನು ಮಾಡಬೇಕು ಅನ್ನಿಸಿತು’ ಎಂದು ಕೇಳಿ. ಒಂದು ಸುತ್ತಿಗೆ ಐದು ಮಂದಿ ಸಾಕು, ಆದರೆ ಪ್ರತಿ ಸುತ್ತಿಗೂ ಹೊಸ ಐವರು ಬೇಕು. ಒಬ್ಬರು ಹೊಸಬರಾಗಿರುವುದು ಒಂದೇ ಸಲ. ಆ ಏಳು ಮಂದಿಯನ್ನೇ ಮತ್ತೆ ಕರೆಯುವುದಾದರೆ ಅವರಿಂದ ತಿಳಿಯುವುದು ಬೇರೆಯೇ: ಒಮ್ಮೆ ಮುಜುಗರಪಟ್ಟವರು ಮರಳಿ ಕೂರುತ್ತಾರೆಯೇ ಎಂಬುದು.

ಮೆಚ್ಚಿದವರು ಕೈಬಿಟ್ಟಾರು ಎಂಬ ಭಯದ ಬಗ್ಗೆ. ಮೇಲಿನ ಪಟ್ಟಿಯಲ್ಲಿ ಅವರಿಗೆ ತಾಗುವುದು ಎರಡೇ: ಹಗ್ಗದ ತಾನಾಗಿ ಹಿಡಿಯುವ ಗುರಿ, ಮತ್ತು ನಿಧಾನದ ಮೊದಲ ಮಹಡಿ. ಮೊದಲನೆಯದಕ್ಕೆ ಕೈಗುರಿಯ ದಾರಿ ತೆರೆದೇ ಇದೆ. ಎರಡನೆಯದನ್ನು ಪಳಗಿದವರು ಎರಡು ನಿಮಿಷದಲ್ಲಿ ದಾಟುವಂತೆ ಕಟ್ಟಿ, ಎಲ್ಲೂ ಕಾಯಿಸಬೇಡಿ. ಕಯೋಟಿ ಟೈಮ್ ಅತಿ ಕಠಿಣ ಗೇಮ್‌ಗಳಲ್ಲೂ ಇದೆ, ಆಡುವವರು ಅದನ್ನು ‘ಕಂಟ್ರೋಲ್ ಚೆನ್ನಾಗಿದೆ’ ಎಂದು ಹೊಗಳುತ್ತಾರೆ. ಮೇಲಿನ ಮಹಡಿಗಳ ಒಗಟನ್ನು ಒಂದಿಷ್ಟೂ ಸುಲಭ ಮಾಡಬೇಡಿ.

ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಂಡರೆ ಯಾವುದರಿಂದ ಗುಣ ಬಂತೆಂದು ತಿಳಿಯುವುದಿಲ್ಲ. ಮೊದಲು ಜೀವಗಳನ್ನು ತೆಗೆದು, ಹಗ್ಗದ ಗುರಿ, ಭುಜದ ಗುಂಡಿ, ಜಿಗಿತದ ರಿಯಾಯಿತಿ ಇಷ್ಟನ್ನು ಸೇರಿಸಿ, ಕೋಣೆಗಳನ್ನು ಹಾಗೇ ಬಿಟ್ಟು ಐವರಿಗೆ ಕೊಡಿ. ಆಮೇಲೆ ಕೋಣೆಗಳ ಕ್ರಮ ಬದಲಿಸಿ ಇನ್ನೈವರಿಗೆ. ಆಗ ಅವರು ನಿಲ್ಲುವ ಜಾಗ ಹಳ್ಳದಿಂದ ಕನ್ನಡಿಗೆ ಸರಿದಿದ್ದರೆ, ಕಂಟ್ರೋಲರ್ ಕೈಯಲ್ಲೇ ಹಿಡಿದು ಪರದೆಯತ್ತ ನೋಡುತ್ತ ಸುಮ್ಮನೆ ಕೂತಿದ್ದರೆ, ಒಳಗೆ ಹೋಗಿ ಸಹಾಯ ಮಾಡಬೇಡಿ. ಅವರು ಒಗಟು ಬಿಡಿಸುತ್ತಿದ್ದಾರೆ.